ಆಟದ ಪೀರಿಯಡ್‌ನಲ್ಲಿ ಚಪ್ಪಲಿ ಕಾದವಳು

ಮಾನ್ಯರೇ,

ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ನನಗೆ ಒಂದೇ ಕೆಲಸ. ಎಲ್ಲರ ಚಪ್ಪಲಿ, ಬ್ಯಾಗು, ನೀರಿನ ಬಾಟಲಿ ಕಾಯುವುದು. ಹತ್ತು ವರ್ಷ ಕಾದಿದ್ದೇನೆ, ಒಂದೂ ಕಳೆದಿಲ್ಲ. ನನಗೀಗ 19. ಸೆರೆಬ್ರಲ್ ಪಾಲ್ಸಿಯಿಂದ (ಎಳವೆಯಲ್ಲೇ ಮಿದುಳಿಗೆ ಆದ ಹಾನಿಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ) ಎರಡೂ ಕಾಲು ಬಿಗಿ, ಊರುಗೋಲು ಹಿಡಿದು ನಡೆಯುತ್ತೇನೆ.

ಚಿಕ್ಕವಳಿದ್ದಾಗ ಫಿಸಿಯೋಥೆರಪಿ ಇತ್ತು. ಹದಿನಾಲ್ಕು ದಾಟಿದ ಮೇಲೆ ‘ಇನ್ನು ಮನೇಲೇ ಮಾಡ್ಕೊಳ್ಳಿ’ ಎಂದರು. ನಿಜವಾದ ಕಷ್ಟ ಶುರುವಾಗುವುದೇ ಆ ವಯಸ್ಸಿನಲ್ಲಿ. ತೂಕ ಏರುತ್ತದೆ. ಮೂಳೆ ಉದ್ದವಾದಷ್ಟು ಬೇಗ ಬಿಗಿದ ಸ್ನಾಯು ಉದ್ದವಾಗುವುದಿಲ್ಲ. ಮಂಡಿ ಬಗ್ಗುತ್ತಾ ಬರುತ್ತದೆ. ಮೊದಲೇ ನಮಗೆ ಒಂದೊಂದು ಹೆಜ್ಜೆಗೂ ಬೇರೆಯವರಿಗಿಂತ ಜಾಸ್ತಿ ಶಕ್ತಿ ಬೇಕು.

ಹೋದ ವರ್ಷ ಅಮ್ಮನ ಜೊತೆ ಒಂದು ಜಿಮ್‌ಗೆ ಹೋದೆ. ಡಾಕ್ಟರ್ ಪತ್ರ ತನ್ನಿ ಎಂದರು. ತಂದೆವು. ಅದನ್ನು ಓದಿ ‘ಬಿದ್ದರೆ ಯಾರು ಹೊಣೆ?’ ಎಂದರು. ನಾನು ಮನೆಯಲ್ಲೂ ಬೀಳುತ್ತೇನೆ ಸ್ವಾಮಿ, ಅದಕ್ಕೇ ತಾನೇ ಬಂದಿದ್ದು!

ಎರಡನೇ ಜಿಮ್‌ನ ಕೋಚ್ ಕೇಳಿದ್ದೇ ಬೇರೆ. ‘ನಿಂಗೆ ಏನು ಮಾಡೋಕೆ ಆಗ್ಬೇಕಮ್ಮ?’ ಬಸ್ಸಿನ ಮೊದಲ ಮೆಟ್ಟಿಲು ಒಬ್ಬಳೇ ಹತ್ತಬೇಕು ಎಂದೆ. ಅವರು ನನ್ನ ಹಳೆಯ ಫಿಸಿಯೋ ಜೊತೆ ಫೋನಿನಲ್ಲಿ ಮಾತಾಡಿಕೊಂಡರು. ಕೂತು ಕಾಲಿಂದ ಹಲಗೆ ಒತ್ತುವ ಯಂತ್ರ, ಲೆಗ್ ಪ್ರೆಸ್‌ನಲ್ಲಿ ನನ್ನ ಎಡಪಾದ ಜಾರುತ್ತಿತ್ತು. ಹಳೇ ಬ್ಯಾಗಿನ ಪಟ್ಟಿ ಕತ್ತರಿಸಿ ತಂದು ಪಾದವನ್ನು ಹಲಗೆಗೆ ಸುತ್ತಿದರು. ಮೊದಲ ದಿನ ತೂಕವೇ ಇಲ್ಲ, ಬರೀ ಹಲಗೆ. ಎಂಟು ಸಲ ಒತ್ತಬೇಕು, ಎರಡು ನಿಮಿಷ ಸುಮ್ನೆ ಕೂರಬೇಕು. ಆಮೇಲೆ ಕೂತಲ್ಲೇ ಕೈಯಿಂದ ತುಳಿಯುವ ಸೈಕಲ್. ‘ಹಾಡೋಕೂ ಉಸಿರು ಇದ್ಯಾ? ಹಾಗಾದ್ರೆ ಇನ್ನೂ ಸ್ವಲ್ಪ ಜೋರು’ ಎನ್ನುತ್ತಿದ್ದರು. (ಕೈಯಿಂದ ‘ತುಳಿಯುವುದು’ ಅನ್ನಬಹುದೋ ಇಲ್ಲವೋ, ಬೇರೆ ಪದ ಹೊಳೆಯಲಿಲ್ಲ.)

ನಾಲ್ಕು ತಿಂಗಳಿಗೆ ಬಸ್ ಹತ್ತಿದೆ. ನಡಿಗೆ ಮಾತ್ರ ಮೊದಲಿನಂತೆಯೇ ಇದೆ. ಭಾರ ಎತ್ತಿದರೆ ಬಿಗಿತ ಜಾಸ್ತಿಯಾಗುತ್ತದೆ ಎಂದು ಹಿಂದೆ ಹೆದರಿಸುತ್ತಿದ್ದರಂತೆ. ಆ ಭಯಕ್ಕೆ ಆಧಾರವಿಲ್ಲ ಎಂದು ಅಧ್ಯಯನಗಳು ತೋರಿಸಿ ಎಷ್ಟೋ ಕಾಲವಾಯಿತು. ಆದರೆ ಕಾಲೇಜಿನ ಪರೀಕ್ಷೆ ಅಂತ ಆರು ವಾರ ಜಿಮ್ ಬಿಟ್ಟೆ ನೋಡಿ, ಮೆಟ್ಟಿಲು ಮತ್ತೆ ಎತ್ತರವಾಯಿತು! ಆದ್ದರಿಂದಲೇ ನಮಗೆ ಬೇಕಿರುವುದು ಮೂರು ದಿನದ ಶಿಬಿರವಲ್ಲ, ವರ್ಷಕ್ಕೊಮ್ಮೆ ಹಾರ ಹಾಕುವ ಕ್ರೀಡಾಕೂಟವೂ ಅಲ್ಲ. ಮನೆ ಹತ್ತಿರದ ಮಾಮೂಲಿ ಜಿಮ್ಮು, ಈಜುಕೊಳ, ಮೈದಾನದಲ್ಲಿ ವಾರಕ್ಕೆ ಎರಡು ಗಂಟೆ, ತಪ್ಪದೆ. ಜೊತೆಗೆ ನಮ್ಮ ವಯಸ್ಸಿನವರು ಇದ್ದರೆ ಇನ್ನೂ ಚೆಂದ. ಅಮ್ಮನ ಜೊತೆ ಎಷ್ಟು ದಿನ ಅಂತ ಹೋಗುವುದು?

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಂಗವಿಕಲ ಮಕ್ಕಳಿಗೂ ಅದೇ 60. ನನ್ನ ಪಾಲಿನ ನಿಮಿಷಗಳು ಚಪ್ಪಲಿ ಕಾಯುವುದರಲ್ಲಿ ಹೋದವು. ಪಿ.ಟಿ. ಮಾಸ್ತರರೇ, ಈ ವಾರ ನಿಮ್ಮ ಮೈದಾನದಲ್ಲಿ ಬ್ಯಾಗು ಕಾಯುತ್ತಿರುವುದು ಯಾರು, ಒಮ್ಮೆ ನೋಡಿ. ಪೆಡಲ್ ಇಲ್ಲದ ಮೂರು ಗಾಲಿಯ ಚೌಕಟ್ಟಿಗೆ ಎದೆ ಆನಿಸಿ, ಕಾಲಿಂದ ನೆಲ ಒದ್ದು ಓಡುವ ‘ಫ್ರೇಮ್ ರನ್ನಿಂಗ್’ ಅಂತಲೇ ಒಂದು ಆಟವಿದೆ. ಅದಿಲ್ಲದಿದ್ದರೆ ಕೂತೇ ಚೆಂಡು ಎಸೆಯಲು ಬಿಡಿ.

ಮೊದಲ ಜಿಮ್‌ನವರಿಗೂ ಒಂದು ಮಾತು: ಡಾಕ್ಟರ್ ಪತ್ರ ಇನ್ನೂ ನಮ್ಮ ಹತ್ತಿರವೇ ಇದೆ. ಬೇಕಾದರೆ ತರುತ್ತೇನೆ, ಬಸ್ಸಿನಲ್ಲಿ.

– ಒಬ್ಬ ಕಾಲೇಜು ವಿದ್ಯಾರ್ಥಿನಿ