ಗಣೇಶಗುಡಿಗೆ ಹೊರಟ ಗೆಳೆಯನಿಗೊಂದು ಪತ್ರ

ದೋಸ್ತ,

ಆಫೀಸಿನ 12 ಜನರನ್ನು ಕಟ್ಟಿಕೊಂಡು ದಾಂಡೇಲಿಗೆ ರ‍್ಯಾಫ್ಟಿಂಗ್‌ಗೆ, ಅಂದರೆ ರಬ್ಬರ್ ದೋಣಿಯಲ್ಲಿ ನದಿಯ ಸೆಳವು ಹಾಯಲು, ಬರುತ್ತೀಯಂತೆ, ‘ಏನೇನು ಗೊತ್ತಿರಬೇಕು, ಎರಡು ಸಾಲಲ್ಲಿ ಹೇಳು’ ಅಂತ ಮೆಸೇಜು. ಎರಡು ಸಾಲಲ್ಲಿ ಮುಗಿಸುವ ಜಾಯಮಾನ ನನ್ನದಲ್ಲ ಅಂತ ನಿನಗೂ ಗೊತ್ತು. ಹೇಗೂ ಬರೆಯುವುದಾದರೆ ನಾಲ್ಕು ಜನ ಓದಲಿ ಅಂತ ಇಲ್ಲೇ ಬರೆದಿದ್ದೇನೆ.

ರ‍್ಯಾಫ್ಟಿಂಗ್ ಇರುವುದು ದಾಂಡೇಲಿ ಪೇಟೆಯಲ್ಲಲ್ಲ, ಮೇಲಕ್ಕೆ ಗಣೇಶಗುಡಿಯಲ್ಲಿ, ಕಾಳಿ ನದಿಯ ಸುಪಾ ಅಣೆಕಟ್ಟಿನ ಕೆಳಗೆ. ದೊಡ್ಡ ಸುತ್ತು ಒಂಬತ್ತು ಕಿಲೋಮೀಟರ್ ಚಿಲ್ಲರೆ. ‘ಶಾರ್ಟ್ ರ‍್ಯಾಫ್ಟಿಂಗ್’ ಅಂದರೆ ಒಂದೆರಡು ಸೆಳವು ದಾಟಿಸಿ, ಫೋಟೊ ತೆಗೆದು ಇಳಿಸುವುದು. ದುಡ್ಡು ಕೊಡುವ ಮುಂಚೆ ಯಾವುದೆಂದು ಬಾಯಿಬಿಟ್ಟು ಕೇಳು. ಮಳೆಗಾಲದಲ್ಲಿ ಬಂದ್. ಉಳಿದ ತಿಂಗಳಲ್ಲೂ ನೀರು ಬಿಟ್ಟರುಂಟು, ಇಲ್ಲದಿದ್ದರಿಲ್ಲ. ಅಣೆಕಟ್ಟಿನ ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರಗಳಿವೆ. ಅವು ತಿರುಗಿ ಹೊರಬಿಟ್ಟ ನೀರೇ ನಿಮ್ಮ ಸೆಳವು. ಯಂತ್ರ ನಿಂತರೆ ಬಂಡೆಗಳು ತಲೆ ಎತ್ತುತ್ತವೆ, ರ‍್ಯಾಫ್ಟು ಅವುಗಳ ಮೇಲೆ ಕೂತುಬಿಡುತ್ತದೆ. ಹಾಗಾಗಿ ಹಿಂದಿನ ದಿನ ವಿಚಾರಿಸಿದ್ದು ಸಾಲದು, ಆವತ್ತು ಬೆಳಿಗ್ಗೆಯೂ ಫೋನ್ ಮಾಡು. ಒಣಗಿದ ಬಂಡೆ ಮೇಲೆ ಚೀಲ ಇಟ್ಟು ನೀರಿಗಿಳಿಯುವ ಹುಡುಗಾಟವಂತೂ ಬೇಡ. ಇಲ್ಲಿ ನೀರು ಏರುವುದಕ್ಕೆ ಮಳೆ ಬರಬೇಕೆಂದಿಲ್ಲ.

ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಕೆಳಗಿನಿಂದ ಶುರುಮಾಡಿ ಬಿಗಿ. ಆಮೇಲೆ ಯಾರಾದರೂ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಜಗ್ಗಲಿ. ಜಾಕೆಟ್ಟು ಕಿವಿವರೆಗೆ ಬಂತೋ, ಸಡಿಲ ಇದೆ. ನೀರಲ್ಲಿ ಅದು ತೇಲುತ್ತದೆ, ನೀನು ಅದರೊಳಗಿಂದ ಜಾರುತ್ತೀ. ಹುಟ್ಟಿನ ತುದಿಗೆ ‘ಟಿ’ ಆಕಾರದ ಹಿಡಿ ಇರುತ್ತದೆ, ಒಂದು ಕೈ ಸದಾ ಅದರ ಮೇಲಿರಲಿ. ಬಿಟ್ಟರೆ ಪಕ್ಕದವನ ಹಲ್ಲು ಹೋಗುತ್ತದೆ.

ನೀರಿಗೆ ಬಿದ್ದರೆ ಅಂಗಾತ ತೇಲು, ಕಾಲು ಹರಿವಿನ ದಿಕ್ಕಿಗೆ, ಕಾಲ್ಬೆರಳು ನೀರಿನ ಮೇಲೆ ಕಾಣಬೇಕು. ನಿಲ್ಲಲು ಮಾತ್ರ ಹೋಗಬೇಡ. ಸೊಂಟದುದ್ದ ನೀರು ತಾನೇ ಅಂತ ಕಾಲೂರಿದರೆ ಪಾದ ಎರಡು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಮಗುಚುತ್ತದೆ. ಆಗ ಈಜು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಗೈಡು ಹಗ್ಗ ತುಂಬಿದ ಚೀಲ ಎಸೆದರೆ ಚೀಲ ಹಿಡಿಯಬೇಡ, ಹಗ್ಗ ಹಿಡಿ. ಚೀಲದೊಳಗೆ ಇನ್ನೂ ಹಗ್ಗ ಇದ್ದರೆ ಅದು ಬಿಚ್ಚುತ್ತ ಹೋಗುತ್ತದೆ, ಜೊತೆಗೆ ನೀನೂ. ಎದೆಗೊತ್ತಿ ಹಿಡಿದು, ಹೆಗಲ ಮೇಲಿಂದ ಹಾಯಿಸು. ಕೈಗೆ ಸುತ್ತಿಕೊಳ್ಳಬೇಡ. 12 ಜನ ಅಂದರೆ ಎರಡು ರ‍್ಯಾಫ್ಟು. ಒಂದರಲ್ಲೇ ತುಂಬುತ್ತೇವೆ ಅಂದವರಿಗೆ ಕೈಮುಗಿದು ದಡ ಹತ್ತು.

ಇನ್ನು, ‘ಮನುಷ್ಯ ಮುಟ್ಟದ ಕಾಡುನದಿ’ ಅಂತ ಬರೆದಿದ್ದೀಯಲ್ಲ, ಆ ಮಾತು ಯಾಕೋ ಗಂಟಲಲ್ಲಿ ಇಳಿಯುತ್ತಿಲ್ಲ. ಡಿಗ್ಗಿ ಕಡೆ ಹುಟ್ಟಿ ಸದಾಶಿವಗಡದ ಹತ್ತಿರ ಕಡಲು ಸೇರುವ 184 ಕಿಲೋಮೀಟರಿನೊಳಗೆ ಕಾಳಿಯನ್ನು ಸುಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ನಾಲ್ಕು ಕಡೆ ಕಟ್ಟಿ ನಿಲ್ಲಿಸಿದ್ದಾರೆ. ನಾವು ‘ಹೋ’ ಎಂದು ಕೂಗುತ್ತ ಹಾಯುವ ನೀರು ಬರುವುದು 101 ಮೀಟರ್ ಎತ್ತರದ ಗೋಡೆಯ ಹಿಂದಿನಿಂದ. ತಾಲೂಕು ಕೇಂದ್ರವಾಗಿದ್ದ ಸುಪಾ ಊರೇ ಆ ಹಿನ್ನೀರಿನಡಿ ಇದೆ. ಅಲ್ಲಿಯ ಹಲವರು ರಾಮನಗರ ಸೇರಿದರು, ಹೆಸರು ಅಣೆಕಟ್ಟಿಗೆ ಉಳಿಯಿತು. ನಾನೋ, ಬೇಸಿಗೆಯಲ್ಲಿ ಬೆಂಗಳೂರಿನ ಸೆಕೆಯ ಸುದ್ದಿ ಓದಿ ಒಳಗೊಳಗೇ ಹಿಗ್ಗುವ ಪ್ರಾಣಿ: ಎಸಿ ಹಾಕಲಿ, ಕರೆಂಟು ಸಾಲದಾಗಲಿ, ಯಂತ್ರ ತಿರುಗಲಿ. ಕಾಳಿ ಅಂದರೆ ಜೀವ ಅಂತ ಊರೆಲ್ಲ ಹೇಳಿಕೊಂಡು ಬಂದದ್ದು ನದಿಯ ಮೇಲಿನ ಪ್ರೀತಿಯೋ, ಸ್ವಿಚ್ಚಿನ ಮೇಲಿನದೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಕಟ್ಟೆಗೂ ಮುಂಚಿನ ಕಾಳಿಯನ್ನು ಕಂಡವರು ಇನ್ನೂ ಇದ್ದಾರೆ. ಅವರನ್ನು ಕೇಳುವ ಧೈರ್ಯ ಮಾತ್ರ ಬಂದಿಲ್ಲ. ಕೇಳಿದ ಮೇಲೆ ಇದು ಸಪ್ಪೆ ಅನ್ನಿಸಿಬಿಟ್ಟರೆ?

ಇಷ್ಟೆಲ್ಲ ಬರೆಯುವ ಇರಾದೆ ಇರಲಿಲ್ಲ ಮಾರಾಯ. ಭೂಗೋಳದ ಮಾಸ್ತರು ಓದಿದರೆ ‘ವಿಷಯಾಂತರ’ ಅಂತ ಗೆರೆ ಎಳೆದು ಎರಡು ಅಂಕ ಕತ್ತರಿಸುತ್ತಾರೆ. ಕೆಲಸದ ಮಾತಿಗೆ ಬರೋಣ.

ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ, ಕಾಲೆತ್ತಲೂ ಬಿಡುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಹಾಕು, ಕನ್ನಡಕಕ್ಕೆ ದಾರ ಕಟ್ಟು. ದಾಂಡೇಲಿಗೆ ಇಳಿದ ಮೇಲೆ ನದಿಗೆ ಕಾಲಿಡಬೇಡಿ, ಅಲ್ಲಿ ಮೊಸಳೆಗಳಿವೆ, ಜೀವ ಹೋದದ್ದೂ ಉಂಟು. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ನೋಡುವ ಆಸೆಯಿದ್ದರೆ ಬೆಳಿಗ್ಗೆ ಬೇಗ ಟಿಂಬರ್ ಡಿಪೊ ಕಡೆ ನಡಿ. ಬೇಸಿಗೆಯಲ್ಲಿ ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕೂತಿರುತ್ತದೆ, ಅದರ ಊಟವೆಲ್ಲ ಗಂಡಿನ ಕೊಕ್ಕಿನಲ್ಲೇ ಬರಬೇಕು. ನೀವು ಕ್ಯಾಮೆರಾ ಹಿಡಿದು ಮರದಡಿ ನಿಂತಷ್ಟು ಹೊತ್ತು ಗಂಡು ಹತ್ತಿರ ಸುಳಿಯುವುದಿಲ್ಲ. ದೂರ ನಿಲ್ಲಿ.

ಮತ್ತೆ, ನಿಮ್ಮ ತಂಡದಲ್ಲಿ ‘ನನಗೆ ಈಜು ಬರುತ್ತೆ, ಜಾಕೆಟ್ ಯಾಕೆ’ ಅನ್ನುವ ಆಸಾಮಿ ಒಬ್ಬ ಇದ್ದೇ ಇರುತ್ತಾನೆ. ಅವನನ್ನು ಗೈಡಿನ ಕೈಗೆಟಕುವಲ್ಲಿ ಕೂರಿಸು. ಅದು ಮ್ಯಾನೇಜರ್ ಆಗಿದ್ದರೂ ಸರಿಯೇ.

ಇಂತಿ,
ನಿನ್ನ ಹಿಂದಿನ ಬೆಂಚಿನವ