ನಮ್ಮೂರ ಗ್ರಂಥಾಲಯ ಬಾಗಿಲು ಹಾಕಲಿಲ್ಲ, ನಿಮ್ಮಿಂದ

ಈ ತಿಂಗಳು ನಮ್ಮ ಗ್ರಾಮ ಪಂಚಾಯತಿ ಗ್ರಂಥಾಲಯ ಹೊಸ ಕಟ್ಟಡಕ್ಕೆ ಬಂತು. ಪೂಜೆ ಆಯಿತು, ಭಾಷಣ ಆಯಿತು, ಎಲ್ಲರಿಗೂ ಪೇಡಾ ಹಂಚಿದ್ದೂ ಆಯಿತು. ಆದರೆ ವೇದಿಕೆ ಮೇಲೆ ಹೆಸರು ಓದಿ ಶಾಲು ಹೊದಿಸಿದ್ದು ಕೆಲವರಿಗೆ ಮಾತ್ರ. ಕಷ್ಟದ ಕಾಲದಲ್ಲಿ ಈ ಗ್ರಂಥಾಲಯಕ್ಕೆ ಹೆಗಲು ಕೊಟ್ಟವರಲ್ಲಿ ಎಷ್ಟೋ ಜನ ಅವತ್ತು ಹಿಂದೆ ನಿಂತಿದ್ದರು. ಕೆಲವರು ಹೊಲ ಬಿಟ್ಟು ಬರಲು ಆಗದೆ ಬಂದೇ ಇರಲಿಲ್ಲ. ಅವರಿಗೆ ಥ್ಯಾಂಕ್ಸ್ ಹೇಳೋದು ಬಾಕಿ ಇದೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದಾರೆ, ಅದಕ್ಕೇ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ನಾನು ಬೀದರ್ ಜಿಲ್ಲೆ ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. 2019ರಲ್ಲಿ ಹಳ್ಳಿ ಗ್ರಂಥಾಲಯಗಳನ್ನೆಲ್ಲ ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಆ ಹೊಸ ವ್ಯವಸ್ಥೆ ಇನ್ನೂ ರೂಢಿ ಆಗಿರಲಿಲ್ಲ, ಅಷ್ಟರಲ್ಲೇ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು. ಪುಣೆ, ಮುಂಬೈ, ಹೈದರಾಬಾದ್‌ನಲ್ಲಿ ದುಡಿಯುತ್ತಿದ್ದ ನಮ್ಮೂರ ಜನ ಉಟ್ಟ ಬಟ್ಟೆಯಲ್ಲೇ ವಾಪಸ್ ಬಂದರು. ಅಲ್ಲಿಂದ ಬರುತ್ತಿದ್ದ ದುಡ್ಡು ನಿಂತಿತು. ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಸೋಯಾ, ತೊಗರಿ ಹೊಲದಲ್ಲೇ ಹಾಳಾದವು. ಎರಡೂ ಕಡೆಯಿಂದ ಪೆಟ್ಟು ಬಿತ್ತು.

ಇದಕ್ಕೂ ಗ್ರಂಥಾಲಯಕ್ಕೂ ಏನು ಸಂಬಂಧ ಅಂತ ಕೆಲವರು ಕೇಳುತ್ತಾರೆ. ಸಂಬಂಧ ನೇರವಾಗಿಯೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ತೆರಿಗೆ ಜೊತೆ ಗ್ರಂಥಾಲಯ ಕರ ವಸೂಲಿ ಆಗುತ್ತದೆ. ಒಂದು ರೂಪಾಯಿ ತೆರಿಗೆಗೆ 6 ಪೈಸೆ. ನೂರು ರೂಪಾಯಿ ಕಟ್ಟಿದರೆ ಆರು ರೂಪಾಯಿ ಪುಸ್ತಕದ ಪಾಲು. ಊರಲ್ಲಿ ದುಡ್ಡೇ ಇಲ್ಲದಾಗ ಮನೆ ತೆರಿಗೆ ಯಾರು ಕಟ್ಟುತ್ತಾರೆ? ತೆರಿಗೆ ಬರಲಿಲ್ಲ ಅಂದರೆ ಕರವೂ ಇಲ್ಲ. ಹೀಗಾಗಿ ಊರಿಗೆ ಗ್ರಂಥಾಲಯ ಜಾಸ್ತಿ ಬೇಕಾದ ಹೊತ್ತಿಗೇ ಅದರ ಗಂಟು ಖಾಲಿ ಆಗುತ್ತದೆ. ಇದು ಬದಲಾಗಬೇಕು ಅಂತ ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ, ಮುಂದೆಯೂ ಹೇಳುತ್ತೇನೆ.

ಜನ ಜಾಸ್ತಿ ಆದದ್ದು ನಿಜ. ಮತ್ತೆ ಬಾಗಿಲು ತೆರೆದಾಗ ಹಿಂದೆ ಯಾವತ್ತೂ ಒಳಗೆ ಬಾರದವರು ಬಂದರು. ಪುಣೆಯ ಕಂಪನಿಯಲ್ಲಿ ಮಷಿನ್ ನಡೆಸುತ್ತಿದ್ದವರು, ಹೈದರಾಬಾದ್‌ನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವರು, ಸಂಬಳ ನಿಂತ ಖಾಸಗಿ ಶಾಲೆ ಮಾಸ್ತರು. ಮೊದಲು ಸುಮ್ನೆ ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಒಳಗೆ ಬನ್ನಿ, ಫೀ ಏನೂ ಇಲ್ಲ ಅಂದ ಮೇಲೆ ಕೂತರು.

ಆಗ ಎದ್ದ ದೊಡ್ಡ ಪ್ರಶ್ನೆ ಪೇಪರಿನದು. ನಮ್ಮಲ್ಲಿ ಕನ್ನಡದ ಜೊತೆಗೆ ಒಂದು ಮರಾಠಿ, ಒಂದು ಉರ್ದು ಪೇಪರ್ ಬರುತ್ತಿತ್ತು. ಗಡಿ ಊರು, ಮೂರೂ ಬೇಕು. ದುಡ್ಡು ಬರೋದು ತಡವಾಗಿ ಬಿಲ್ ಬೆಳೆಯುತ್ತಾ ಹೋದಾಗ ಒಂದನ್ನು ನಿಲ್ಲಿಸೋಣ ಅಂತ ಮಾತು ಬಂತು. ಉರ್ದು ಪೇಪರ್ ಓದುತ್ತಿದ್ದವರು ಒಬ್ಬರೇ ಚಾಚಾ. ಅವರೇ ಬಂದು, "ಬೇಟಿ, ನಂದು ಬಂದ್ ಮಾಡಮ್ಮ. ಹುಡುಗರ ಪೇಪರ್ ಇರಲಿ" ಅಂದರು. ಅಲ್ಲೇ ಕಟ್ಟೆ ಮೇಲೆ ಕೂತಿದ್ದ ರೈತರು ಒಪ್ಪಲೇ ಇಲ್ಲ. "ಅದ್ಹೆಂಗ್ರಿ ಅಕ್ಕೋರೆ? ಚಾಚಾ ಓದಿ ಹೇಳ್ತಾರ, ನಾವ್ ಕೇಳ್ತೀವಿ. ಅದು ಒಬ್ಬರ ಪೇಪರ್ ಅಲ್ರಿ" ಅಂದರು. ಅವರ ಮಾತು ಖರೆ ಇತ್ತು. ಆ ಪೇಪರಿನಲ್ಲಿ ಹೈದರಾಬಾದ್ ಸುದ್ದಿ ಇರುತ್ತಿತ್ತು. ಯಾವ ಕಡೆ ಕೆಲಸ ಶುರುವಾಯಿತು, ಯಾವ ರೈಲು ಬಿಟ್ಟರು, ಎಲ್ಲವನ್ನೂ ಚಾಚಾ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಮಗ ಅಲ್ಲೇ ಉಳಿದುಬಿಟ್ಟಿದ್ದ ಒಬ್ಬ ತಾಯಿ ದಿನಾ ಬಂದು ಕೇಳಿಸಿಕೊಂಡು ಹೋಗುತ್ತಿದ್ದರು. ಲಾತೂರ್, ಪುಣೆ ಸುದ್ದಿಗೆ ಮರಾಠಿ ಪೇಪರ್. ಹಾಗಿದ್ದ ಮೇಲೆ ಯಾವುದನ್ನು ನಿಲ್ಲಿಸೋದು?

ಯಾವುದನ್ನೂ ನಿಲ್ಲಿಸಲಿಲ್ಲ. ಪೇಪರ್ ಹಾಕುವ ಅಣ್ಣ ಅಷ್ಟೂ ತಿಂಗಳು ಉದ್ರಿ ಕೊಟ್ಟರು. ಅವರ ಮನೆಯಲ್ಲೂ ಕಷ್ಟವೇ ಇತ್ತು, ಅಂಗಡಿ ಮುಂಗಟ್ಟು ಮುಚ್ಚಿ ಅರ್ಧ ಗಿರಾಕಿಗಳು ಪೇಪರ್ ಬಿಟ್ಟಿದ್ದರು. ಆದರೂ ಬೆಳಿಗ್ಗೆ ಸೈಕಲ್ ಮೇಲೆ ಬಂದು ಮೂರೂ ಪೇಪರ್ ಬಾಗಿಲ ಸಂದಿಯಲ್ಲಿ ಇಟ್ಟು ಹೋಗುತ್ತಿದ್ದರು. ಒಂದು ದಿನವೂ ಬಾಕಿ ಮಾತೆತ್ತಲಿಲ್ಲ. ಅಣ್ಣ, ನಿಮ್ಮ ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಚಾಚಾಗೆ ಇನ್ನೊಂದು ಕಾರಣಕ್ಕೂ ಶರಣು. ಮಕ್ಕಳು ಸಿಕ್ಕಾಗಲೆಲ್ಲ ಅವರು ಬೀದರ್‌ನ ಮಹಮೂದ್ ಗವಾನ್ ಮದರಸಾ ವಿಷಯ ಹೇಳುತ್ತಿದ್ದರು. 15ನೇ ಶತಮಾನದಲ್ಲಿ ಕಟ್ಟಿದ ಆ ವಿದ್ಯಾಲಯದ ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿ ಇದ್ದವಂತೆ. "ನಮ್ಮ ಜಿಲ್ಲೆ ಹಿಂದುಳಿದದ್ದು ಅಂತ ಯಾರಾದರೂ ಅಂದರೆ ಇದನ್ನು ಹೇಳ್ರಿ" ಅನ್ನುತ್ತಿದ್ದರು. ಮಕ್ಕಳು ಈಗಲೂ ಹೇಳುತ್ತಾರೆ.

ಪೇಪರ್ ಓದಲು ಬಂದವರ ಮುಂದಿನ ಪ್ರಶ್ನೆ ಕೆಲಸದ್ದು. ಆಗ ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಲು ನಮೂನೆ 6 ತುಂಬಬೇಕಿತ್ತು. ತುಂಬಿ ಕೊಟ್ಟರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳಬಹುದಿತ್ತು. ಅದು ಆಗಿನ ಕಾನೂನು. ಆ ವರ್ಷ ಕರ್ನಾಟಕದಲ್ಲಿ ದಿನದ ಕೂಲಿ 275 ರೂಪಾಯಿ. ಆದರೆ ಎಷ್ಟೋ ಜನ ಬಾಯಿಮಾತಲ್ಲಿ ಕೇಳಿ ಸುಮ್ಮನಾಗುತ್ತಿದ್ದರು. ಬಿಎ ಓದುತ್ತಿದ್ದ ಒಬ್ಬಳು ಹುಡುಗಿ, ಕಾಲೇಜು ಬಂದ್ ಇದ್ದದ್ದರಿಂದ ದಿನಾ ಮಧ್ಯಾಹ್ನ ನಮ್ಮ ಉದ್ದ ಮೇಜಿನ ತುದಿಗೆ ಕೂತು ಫಾರಂ ತುಂಬಿಕೊಟ್ಟಳು. ಅವಳ ರೀತಿ ಹೇಳಲೇಬೇಕು. ಮೊದಲು ಜಾಬ್ ಕಾರ್ಡ್ ನಂಬರನ್ನು ಒಂದೊಂದೇ ಅಂಕಿ ಬೆರಳಿಟ್ಟು ಓದುತ್ತಿದ್ದಳು. ಆಮೇಲೆ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿ, ನಂತರವೇ ಸಹಿಯೋ ಹೆಬ್ಬೆಟ್ಟೋ ಹಾಕಿಸುತ್ತಿದ್ದಳು. ಕೊನೆಗೆ, "ತಾರೀಖು ಹಾಕಿದ ರಶೀದಿ ಇಸ್ಕೊಳ್ರಿ ಕಾಕಾ, ಅದಿಲ್ಲ ಅಂದ್ರ 15 ದಿನ ಲೆಕ್ಕ ಹಾಕಾಕ ಬರಲ್ಲ" ಅಂತ ಕಡ್ಡಾಯವಾಗಿ ಹೇಳುತ್ತಿದ್ದಳು. ಎಷ್ಟೋ ಮನೆಯ ಒಲೆ ಹೊತ್ತಿದ್ದು ಆ ರಶೀದಿಗಳಿಂದ. ತಂಗಿ, ನೀನು ಯಾರ ಹತ್ತಿರವೂ ಒಂದು ಚಹಾ ಸಹ ಕುಡಿಯಲಿಲ್ಲ. ಊರ ಪರವಾಗಿ ನಿನಗೆ ಕೈ ಮುಗಿಯುತ್ತೇನೆ.

ಹಳೆಯ ಕೋಣೆ ನಿಮಗೆಲ್ಲ ಗೊತ್ತೇ ಇದೆ. ಆ ಮಳೆಗಾಲದಲ್ಲಿ ಉತ್ತರದ ಗೋಡೆಯಿಂದ ನೀರು ಇಳಿಯುತ್ತಿತ್ತು. ರಿಪೇರಿಗೆ ದುಡ್ಡಿರಲಿಲ್ಲ, ನನ್ನ ಗೌರವಧನವೂ ತಿಂಗಳುಗಟ್ಟಲೆ ತಡವಾಗಿತ್ತು. ಒಬ್ಬ ರೈತರು ರಾಶಿಗೆ ಅಂತ ಇಟ್ಟಿದ್ದ ತಾಡಪತ್ರಿ ತಂದು ಪುಸ್ತಕದ ರ‍್ಯಾಕ್ ಮೇಲೆ ಹೊದಿಸಿದರು. "ಈ ವರ್ಷ ರಾಶಿನೇ ಇಲ್ಲ, ಪುಸ್ತಕನಾದ್ರೂ ಉಳೀಲಿ" ಅಂದರು. ಆ ಮಾತು ಕೇಳಿ ನನಗೆ ಉತ್ತರ ಹೊಳೆಯಲಿಲ್ಲ. ಪುಣೆಯಿಂದ ಬಂದಿದ್ದ ಬಡಿಗ ತಮ್ಮ ಗೆದ್ದಲು ಹಿಡಿದ ಎರಡು ರ‍್ಯಾಕ್ ಬಿಚ್ಚಿ, ಒಳ್ಳೆಯ ಹಲಗೆಗಳನ್ನು ಆರಿಸಿ ಒಂದು ಗಟ್ಟಿ ರ‍್ಯಾಕ್ ಮಾಡಿಕೊಟ್ಟ. ಅದನ್ನೇ ಹೊಸ ಕಟ್ಟಡದಲ್ಲೂ ಮಕ್ಕಳ ವಿಭಾಗಕ್ಕೆ ಇಟ್ಟಿದ್ದೇವೆ.

ಮಕ್ಕಳ ವಿಷಯ. ಶಾಲೆ ಮುಚ್ಚಿತ್ತು, ಮನೆಯಲ್ಲಿ ಮೊಬೈಲ್ ಇದ್ದರೆ ರಿಚಾರ್ಜ್ ಇರಲಿಲ್ಲ. 2020ರ ಕೊನೆಗೆ 'ಓದುವ ಬೆಳಕು' ಕಾರ್ಯಕ್ರಮ ಬಂತು, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಕಾರ್ಡ್ ಕೊಡೋದು ಸುಲಭ, ಓದಿಸೋದು ಯಾರು? ರಿಟೈರ್ ಆದ ಮಾಸ್ತರು ಹನುಮಾನ್ ಗುಡಿ ಕಟ್ಟೆ ಮೇಲೆ, ಇನ್ನೊಂದು ಓಣಿಯಲ್ಲಿ ದರ್ಗಾದ ಅಂಗಳದಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಓದಿಸಿದರು. ಅಕ್ಷರ ಮರೆತಿದ್ದ ಮೂರನೇ ತರಗತಿ ಮಕ್ಕಳಿಗೆ ಮತ್ತೆ ಅ, ಆ ದಿಂದ ಶುರು ಮಾಡಿದರು. ಮಾಸ್ತರೇ, ನಿಮ್ಮ ವಯಸ್ಸಿನವರು ಮನೆಯಿಂದ ಹೊರಗೆ ಕಾಲಿಡಲು ಹೆದರುತ್ತಿದ್ದ ದಿನಗಳು ಅವು. ಆ ಮಕ್ಕಳ ತಂದೆ ತಾಯಿ ಪರವಾಗಿ ನಿಮಗೆ ನಮಸ್ಕಾರ.

ಪರೀಕ್ಷೆಗೆ ಓದುವ ಹುಡುಗರನ್ನೂ ನೆನೆಯಬೇಕು. ನಮ್ಮ ಭಾಗದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸರ್ಕಾರಿ ಕೆಲಸದ ಆಸೆ ಚಿಗುರಿದೆ, ಆದರೆ ಕೋಚಿಂಗ್‌ಗೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಲು ದುಡ್ಡು ಬೇಕಲ್ವಾ? ಇದ್ದ ಕೆಲವೇ ಪುಸ್ತಕಗಳನ್ನು ಇವರು ಪಾಳಿ ಹಚ್ಚಿ ಓದಿದರು, ಒಬ್ಬರೂ ಹಾಳೆ ಹರಿಯಲಿಲ್ಲ. ಅವರಲ್ಲೊಬ್ಬ ಈಗ ಪೊಲೀಸ್ ಕಾನ್‌ಸ್ಟೆಬಲ್. ಪ್ರತಿ ತಿಂಗಳು ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಮಾಸಪತ್ರಿಕೆ ಕೊಂಡು ಕಳಿಸುತ್ತಾನೆ.

ಪೇಪರ್ ಅಣ್ಣನ ಬಾಕಿ ಪೂರ್ತಿ ತೀರಿದೆ. ಕೈ ಬಿಗಿ ಇದ್ದರೂ ಮನೆ ತೆರಿಗೆ ಕಟ್ಟಿದ ಮನೆಗಳಿಗೆ ವಿಶೇಷ ಧನ್ಯವಾದ. ರಶೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಅದು ನಿಮ್ಮದೇ ದುಡ್ಡು, ಗ್ರಂಥಾಲಯಕ್ಕೆ ಬಂದು ಇಲ್ಲಿ ಏನು ನಡೆದಿದೆ ಅಂತ ಧಾರಾಳವಾಗಿ ಕೇಳಿ.

ಮತ್ತೆ ಪುಣೆಗೆ, ಹೈದರಾಬಾದ್‌ಗೆ ಹೊರಟಾಗ ಬಸ್ ಹತ್ತುವ ಮೊದಲು ಬಂದು ಪುಸ್ತಕ ಕೊಟ್ಟು ಹೋದವರಿಗೂ ಥ್ಯಾಂಕ್ಸ್. ಗಡಿಬಿಡಿಯಲ್ಲಿ ಕೆಲವರ ಜೊತೆ ಪುಸ್ತಕ ಊರು ಬಿಟ್ಟಿದೆ, ಗೊತ್ತು. ದಂಡ ಏನೂ ಇಲ್ಲ. ದೀಪಾವಳಿಗೆ ಬರುವಾಗ ತನ್ನಿ, ಓದಿ ಮುಗಿದಿಲ್ಲ ಅಂದರೆ ಮತ್ತೆ ನಿಮ್ಮ ಹೆಸರಿಗೇ ಬರೆದು ಕೊಡುತ್ತೇನೆ.