ಜ್ಯೂರಿಕ್‌ನಿಂದ ಮಂಡ್ಯಕ್ಕೆ, ಅಪ್ಪನ ಕಾಲಿನ ವಿಷಯ

ಅಮ್ಮಾ,

ನಾನು ಚೆನ್ನಾಗಿದೀನಿ, ನೀವೆಲ್ಲ ಹುಷಾರು ತಾನೆ. ನಿನ್ನ ಕಾಗದ ಓದಿದ್ಮೇಲೆ ನಿದ್ದೆ ಬರಲಿಲ್ಲ. ಅಪ್ಪನ ಹೆಬ್ಬೆರಳ ಗಾಯ ಇನ್ನೂ ಒಣಗಿಲ್ಲ, ಆದ್ರೂ ಬರಿಗಾಲಲ್ಲೇ ಗದ್ದೆ ಬದು ಮೇಲೆ ಓಡಾಡ್ತಾರೆ, ಕೇಳಿದ್ರೆ ನೋವೇ ಇಲ್ಲ ಅಂತಾರಂತೆ. ಶುಗರ್ ಇರೋರಿಗೆ ಪಾದ ಜೋಮು ಹಿಡಿದಂಗೆ ಆಗಿ ಗಾಯ ಆಗಿದ್ದೂ ಗೊತ್ತಾಗಲ್ಲ ಕಣಮ್ಮ, ನೋವಿಲ್ಲ ಅನ್ನೋದೇ ಭಯ. ಭಾವನ್ನ ಜೊತೆಗೆ ಕರ್ಕೊಂಡು ಈ ವಾರಾನೇ ಮೈಸೂರಿಗೆ ಕೆ.ಆರ್. ಆಸ್ಪತ್ರೆಗೆ ತೋರಿಸಿ. ಅತ್ತೆ ಏನೇ ಹೇಳ್ಲಿ, ಸೊಪ್ಪು ಅರೆದು ಕಟ್ಟೋದು ಬೇಡ.

ನಾನೇನು ಓದ್ತಿದೀನಿ ಅಂತ ಅಪ್ಪ ಕೇಳಿದಾರಲ್ಲ, ಇದನ್ನ ಓದಿ ಹೇಳು, ಅಷ್ಟೊತ್ತಾದ್ರೂ ಕಾಲು ಮೇಲಿಟ್ಕೊಂಡು ಕೂತಿರ್ತಾರೆ. ಎರಡು ಎಲೆಕ್ಟ್ರಾನು ಒಂದೇ ಸ್ಥಿತಿಯಲ್ಲಿ ಇರಂಗಿಲ್ಲ, ಈ ನಿಯಮ 1925ರಲ್ಲಿ ಪೌಲಿ ಅನ್ನೋ ಭೌತವಿಜ್ಞಾನಿ ಹೇಳಿದ್ದು, 1945ರಲ್ಲಿ ನೊಬೆಲ್ ಬಂತು, 1928ರಿಂದ ಇದೇ ಊರಲ್ಲಿ ಮೇಷ್ಟ್ರಾಗಿದ್ರು. ನಾವು ಪರಮಾಣುವಿಗೆ ಹೊರಗಿಂದ ಸಣ್ಣ ತಳ್ಳು ಕೊಟ್ರೆ ಶಕ್ತಿ ಎಷ್ಟು ಬದಲಾಗುತ್ತೆ ಅಂತ ಲೆಕ್ಕ ಹಾಕೋರು, ಅದ್ರಲ್ಲಿ ಎಲೆಕ್ಟ್ರಾನು ಬೇರೆ ಸ್ಥಿತಿಗೆ ಹಾರಿ ವಾಪಸ್ ಬಂದಂಗೆ ಬರೀತೀವಿ. ಆಗಲೇ ಭರ್ತಿಯಾಗಿರೋ ಸ್ಥಿತಿಗೆ ಹಾರಂಗಿಲ್ಲ ತಾನೆ? ಆದ್ರೆ ಮಜಾ ಏನಂದ್ರೆ, ನಿಯಮ ಮರೆತು ಹಾರಿಸಿಬಿಟ್ರೂ ಎರಡನೇ ಆರ್ಡರ್‌ನಲ್ಲಿ, ಅಂದ್ರೆ ಎರಡು ಸಲ ತಳ್ಳಿದ ಲೆಕ್ಕದಲ್ಲಿ, ಒಟ್ಟು ಶಕ್ತಿ ಬದಲಾಗಲ್ಲ, ಇವನು ಅವನ ಜಾಗಕ್ಕೆ ಹಾರಿದ್ದು ಪ್ಲಸ್ ಆದ್ರೆ ಅವನು ಇವನ ಜಾಗಕ್ಕೆ ಹಾರಿದ್ದು ಅಷ್ಟೇ ಮೈನಸ್, ಯಾಕಂದ್ರೆ ಕೆಳಗೆ ಭಾಗಿಸೋ ಶಕ್ತಿ ವ್ಯತ್ಯಾಸದ ಚಿಹ್ನೆ ತಿರುಗುತ್ತೆ. ದೊಡ್ಡಪ್ಪ, ಅಪ್ಪ ಒಬ್ಬರಿಗೊಬ್ಬರು ಕೊಟ್ಟ ಕೈಸಾಲ ಒಟ್ಟು ಮನೆ ಲೆಕ್ಕದಲ್ಲಿ ಸೊನ್ನೆ ಆಗಲ್ವಾ, ಹಂಗೆ. ಎರಡ್ರಲ್ಲಿ ಒಂದನ್ನ ಮಾತ್ರ ಹೊಡೆದುಹಾಕಿದ್ರೆ ಲೆಕ್ಕ ಕೆಟ್ಟಂಗೆ. 1957ರಲ್ಲಿ ಗೋಲ್ಡ್‌ಸ್ಟೋನ್ ಅನ್ನೋ ವಿಜ್ಞಾನಿ ಈ ಹಾರಾಟಗಳನ್ನ ಚಿತ್ರ ಬರೆದು ಲೆಕ್ಕ ಮಾಡೋ ವಿಧಾನ ಕೊಟ್ಟಾಗಲೂ ಅಷ್ಟೇ, ನಿಯಮ ಮುರಿಯೋ ಚಿತ್ರಗಳನ್ನ ಬಿಡದೆ ಇಟ್ಕೋಬೇಕು. ನನ್ನ ಕೆಲಸ ಪೂರ್ತಿ ಇದೇ, ಮೂರನೇ ಆರ್ಡರ್‌ಗೆ ಬಂದ್ರೆ ಚಿತ್ರ ಎಣಿಸೋದ್ರಲ್ಲೇ ಸಾಕಾಗುತ್ತೆ.

ಇಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ, ನಮ್ಮ ಬಿಲ್ಡಿಂಗ್‌ನಲ್ಲಿ ಅವತ್ತು ಬಟ್ಟೆ ಒಗೆಯೋ ಮೆಷಿನ್ನೂ ಹಾಕಂಗಿಲ್ಲ. ಆದ್ರೆ ಬೀದಿ ಕಾರಂಜಿ ನೀರು ಹಂಗೇ ಕುಡೀಬಹುದು, ಸಾವಿರಕ್ಕಿಂತ ಜಾಸ್ತಿ ಇವೆ! ಊಟ ಮಾಡ್ತೀನಿ, ಚಳಿ ಏನಿಲ್ಲ, ಸ್ವೆಟರ್ ಇದೆ, ರಾಗಿ ಹಿಟ್ಟೂ ಇದೆ, ನನ್ನ ಚಿಂತೆ ಬಿಡು.

ಭಾವನ ಅಕೌಂಟಿಗೆ ದುಡ್ಡು ಹಾಕಿದೀನಿ, ಅಪ್ಪಂಗೆ ಹೇಳಬೇಡ, ಬಡ್ಡಿಗೆ ಕಟ್ಟಿಬಿಡ್ತಾರೆ. ಅದ್ರಲ್ಲಿ ಮೊದಲು ಒಳ್ಳೆ ಚಪ್ಪಲಿ ಕೊಡ್ಸು. ಬೆರಳಿನ ಫೋಟೋ ಬೆಳಕಲ್ಲಿ ತೆಗೆದು ಕಳ್ಸು, ಕಪ್ಪಾಗಿದ್ರೆ ನಾಳೆ ಅನ್ಬೇಡ, ಅವತ್ತೇ ಹೊರಡಿ. ಮೀಟಿಂಗ್‌ಗೆ ಕರೀತಿದಾರೆ, ಇಡ್ತೀನಿ.

ನಿನ್ನ ಮಗಳು